ಈಲ್ಸ್ ರೋಗದಲ್ಲಿ ಅಕ್ಷಿಪಟಲದ ಚಿತ್ರಣ

ಈಲ್ಸ್ ರೋಗವು ಅಕ್ಷಿಪಟಲದ, ಅಂದರೆ ರೆಟಿನಾದ, ರಕ್ತನಾಳಗಳನ್ನು ಬಾಧಿಸುವ ಕಾಯಿಲೆ. ಅದರಲ್ಲೂ ಅಂಚಿನ ಅಭಿಧಮನಿಗಳು ಹೆಚ್ಚು ತೊಂದರೆಗೊಳಗಾಗುತ್ತವೆ. ಬ್ರಿಟಿಷ್ ನೇತ್ರವೈದ್ಯ ಹೆನ್ರಿ ಈಲ್ಸ್ 1880ರಲ್ಲಿ ಇದನ್ನು ವಿವರಿಸಿದರು. ಭಾರತೀಯ ಉಪಖಂಡದಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ರೋಗಿಗಳಲ್ಲಿ ಬಹುಪಾಲು ಆರೋಗ್ಯವಂತ ತರುಣರು.

ಚಿತ್ರಣದ ಲಕ್ಷಣಗಳು

ಫ್ಲೋರೆಸೀನ್ ಆಂಜಿಯೋಗ್ರಫಿ ಇದರ ಮುಖ್ಯ ಪರೀಕ್ಷೆ. ತೋಳಿನ ಅಭಿಧಮನಿಗೆ ಫ್ಲೋರೆಸೀನ್ ಬಣ್ಣವನ್ನು ಚುಚ್ಚಿ, ಅದು ಕಣ್ಣಿನ ನಾಳಗಳಲ್ಲಿ ಹರಿಯುವಾಗ ಸಾಲಾಗಿ ಛಾಯಾಚಿತ್ರಗಳನ್ನು ತೆಗೆಯಲಾಗುತ್ತದೆ. ಉರಿಯೂತವಿರುವ ನಾಳಗಳ ಗೋಡೆಗಳು ಬಣ್ಣ ಹೀರಿ ಹೊಳೆಯುತ್ತವೆ. ರಕ್ತ ತಲುಪದ ಭಾಗಗಳು ಕಪ್ಪಾಗಿ ಉಳಿಯುತ್ತವೆ. ಇಂತಹ ಭಾಗಗಳ ಗಡಿಯಲ್ಲಿ ಹುಟ್ಟುವ ಹೊಸ ನಾಳಗಳು ದುರ್ಬಲವಾಗಿದ್ದು, ಅವುಗಳಿಂದ ಸೋರಿದ ಬಣ್ಣವು ಬಿಳಿಯ ಮೋಡದಂತೆ ಹರಡುತ್ತದೆ. ಇವು ಒಡೆದರೆ ಕಣ್ಣಿನೊಳಗೆ ರಕ್ತಸ್ರಾವವಾಗಿ ದೃಷ್ಟಿ ಹಠಾತ್ತನೆ ಮಸುಕಾಗುತ್ತದೆ.

ಓಸಿಟಿ ಪರೀಕ್ಷೆಯು ಅಕ್ಷಿಪಟಲದ ಪದರಗಳನ್ನು ತೋರಿಸಿ, ಅದರ ನಡುಭಾಗವಾದ ಮ್ಯಾಕ್ಯುಲಾದಲ್ಲಿನ ಊತವನ್ನು ಗುರುತಿಸಲು ನೆರವಾಗುತ್ತದೆ. ರಕ್ತವು ಒಳನೋಟವನ್ನು ಮರೆಮಾಡಿದಾಗ, ಅಕ್ಷಿಪಟಲ ಕಳಚಿದೆಯೇ ಎಂಬುದನ್ನು ಅಲ್ಟ್ರಾಸೌಂಡ್ ತಿಳಿಸುತ್ತದೆ.

ಮಹತ್ವ

ರೋಗವು ಸಾಮಾನ್ಯವಾಗಿ ಎರಡೂ ಕಣ್ಣುಗಳಿಗೆ ತಗಲುವುದರಿಂದ, ತೊಂದರೆಯಿಲ್ಲದ ಕಣ್ಣನ್ನೂ ಪರೀಕ್ಷಿಸುವುದು ಅವಶ್ಯಕ. ರಕ್ತ ತಲುಪದ ಭಾಗಗಳಿಗೆ ಸಕಾಲದಲ್ಲಿ ಲೇಸರ್ ಚಿಕಿತ್ಸೆ ನೀಡಿದರೆ ಹೊಸ ನಾಳಗಳು ಕುಗ್ಗಿ, ಅನೇಕರಲ್ಲಿ ದೃಷ್ಟಿಯನ್ನು ಉಳಿಸಬಹುದು.