ಮಂಜರಾಬಾದ್: ಮಲೆನಾಡಿನಲ್ಲೊಂದು ಫ್ರೆಂಚ್ ನಕ್ಷತ್ರ

ಆಲೂರಿನಿಂದ ಪಶ್ಚಿಮಕ್ಕೆ ಹೊರಟು ಸಕಲೇಶಪುರ ದಾಟಿದರೆ, ಮಂಗಳೂರು ಹೆದ್ದಾರಿಯ ಪಕ್ಕದಲ್ಲೇ ದೋಣಿಗಾಲ್ ಬಳಿ ಮಂಜರಾಬಾದ್ ಕೋಟೆಯ ಬೆಟ್ಟ ಎದುರಾಗುತ್ತದೆ. ಇನ್ನೂರೈವತ್ತರಷ್ಟು ಮೆಟ್ಟಿಲು ಹತ್ತಿದರೆ ಕೋಟೆಯ ಬಾಗಿಲು. ಟಿಪ್ಪು ಸುಲ್ತಾನ್ ಕಟ್ಟಿಸಿದ ಈ ಕೋಟೆ ಪೂರ್ಣಗೊಂಡದ್ದು 1792ರಲ್ಲಿ.

ಚಿತ್ರದುರ್ಗದ ಕೋಟೆ ಬೆಟ್ಟ ಹೇಳಿದಂತೆ ಬಳುಕುತ್ತದೆ. ಮಂಜರಾಬಾದ್ ಹಾಗಲ್ಲ. ಇಲ್ಲಿ ಮೊದಲು ರೇಖಾಗಣಿತ, ಆಮೇಲೆ ಬೆಟ್ಟ. ಎಂಟು ಮೂಲೆಗಳ ಈ ನಕ್ಷತ್ರ ಅಲಂಕಾರಕ್ಕಾಗಿ ಮೂಡಿದ್ದಲ್ಲ. ದುಂಡು ಬುರುಜಿನ ಬುಡಕ್ಕೆ ಬಂದು ಅಂಟಿಕೊಂಡ ಶತ್ರು ಮೇಲಿನವರ ಕಣ್ಣಿಗೆ ಬೀಳುವುದಿಲ್ಲ. ಗೋಡೆಯನ್ನು ಕೋನಗಳಾಗಿ ಮುರಿದರೆ ಆ ಮರೆ ಇಲ್ಲವಾಗುತ್ತದೆ. ಒಂದು ಮೂಲೆಯ ಬುಡವನ್ನು ಪಕ್ಕದ ಮೂಲೆಯ ಬಂದೂಕು ಕಾಯುತ್ತದೆ.

ಈ ಪದ್ಧತಿ ಹುಟ್ಟಿದ್ದು ಇಟಲಿಯಲ್ಲಿ. ಅದನ್ನು ಪರಿಪೂರ್ಣ ಶಾಸ್ತ್ರವಾಗಿಸಿದವನು ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ಎಂಜಿನಿಯರ್ ವೋಬಾನ್ (1633-1707). 1697ರ ಒಪ್ಪಂದದಲ್ಲಿ ರೈನ್ ನದಿಯಾಚೆಯ ಬ್ರೈಸಾಕ್ ಪಟ್ಟಣ ಕೈತಪ್ಪಿದಾಗ, ಈಚೆ ದಡದಲ್ಲಿ ಅವನು ನಫ್-ಬ್ರಿಸಾಕ್ ಎಂಬ ಹೊಸ ಪಟ್ಟಣವನ್ನೇ ಎಂಟು ಮೂಲೆಗಳ ಕೋಟೆಯೊಳಗೆ ರೂಪಿಸಿದ. ಅಲ್ಲಿ ಈಗಲೂ ಜನ ವಾಸಿಸುತ್ತಾರೆ. 2008ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ವೋಬಾನನ ಹನ್ನೆರಡು ಕೋಟೆಗಳಲ್ಲಿ ಅದೂ ಒಂದು.

ಹೈದರ್ ಮತ್ತು ಟಿಪ್ಪುವಿನ ಸೈನ್ಯದಲ್ಲಿ ಫ್ರೆಂಚರಿದ್ದರು. 1788ರಲ್ಲಿ ಟಿಪ್ಪುವಿನ ಮೂವರು ರಾಯಭಾರಿಗಳು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ಅವರು ಕೇಳಿದ್ದು ಸೈನ್ಯವನ್ನಷ್ಟೇ ಅಲ್ಲ, ಕುಶಲಕರ್ಮಿಗಳನ್ನೂ. ಸೈನ್ಯದ ನೆರವು ದೊರೆಯಲಿಲ್ಲ. ಕೆಲವು ಕುಶಲಕರ್ಮಿಗಳು ಬಂದರು. ಮರುವರ್ಷವೇ ಫ್ರಾನ್ಸಿನಲ್ಲಿ ಕ್ರಾಂತಿ.

ಕೋಟೆ ಮುಗಿದ 1792ರಲ್ಲೇ ಶ್ರೀರಂಗಪಟ್ಟಣದ ಒಪ್ಪಂದದಿಂದ ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡ. ಕೊಡಗು, ಮಲಬಾರ್ ಹೋದವು, ಮಂಗಳೂರು ಉಳಿಯಿತು. ಸಮುದ್ರಕ್ಕೆ ಉಳಿದ ದಾರಿಯನ್ನು ಕಾಯುವ ಘಟ್ಟದ ಈ ಕೋಟೆಯ ಬೆಲೆ ಆಗ ಎಷ್ಟಿತ್ತೆಂದು ಊಹಿಸಬಹುದು. ಆದರೆ 1799ರಲ್ಲಿ ಬ್ರಿಟಿಷರ ಪಶ್ಚಿಮದ ಸೈನ್ಯ ಕಣ್ಣಾನೂರಿನಿಂದ ಕೊಡಗಿನ ಮೂಲಕ ಬಂತು. ಮುಖ್ಯ ಸೈನ್ಯ ಬಂದದ್ದು ಪೂರ್ವದಿಂದ. ಇಷ್ಟು ಲೆಕ್ಕ ಹಾಕಿ ಕಟ್ಟಿದ ನಕ್ಷತ್ರ ಶ್ರೀರಂಗಪಟ್ಟಣವನ್ನು ಉಳಿಸುವ ಕೆಲಸಕ್ಕೆ ಬರಲೇ ಇಲ್ಲ.

ಅತ್ತ ನಫ್-ಬ್ರಿಸಾಕ್ 1870ರಲ್ಲಿ ಜರ್ಮನರ ಹೊಸ ಫಿರಂಗಿಗಳಿಗೆ ಶರಣಾಯಿತು. ದೂರದಿಂದಲೇ ಗುಂಡು ಸುರಿಯುವವನ ಎದುರು ಬುಡ ಕಾಯುವ ಕೋನಗಳಿಂದ ಏನು ಪ್ರಯೋಜನ? ವಿದ್ಯೆಯನ್ನು ತರಬಹುದು. ಅದಕ್ಕೆ ಬೇಕಾದ ಕಾಲವನ್ನು ಜೊತೆಗೆ ತರಲಾಗದು.

ಮಂಜನ್ನು ಕಂಡು ಟಿಪ್ಪು ಮಂಜರಾಬಾದ್ ಎಂದು ಹೆಸರಿಟ್ಟನೆಂಬುದು ಜನರ ಮಾತು. ಮಂಜು ಮುಚ್ಚಿದರೆ ಮೂಲೆಯಿಂದ ಮೂಲೆ ಕಾಣದು. ಆದ್ದರಿಂದ ತಿಳಿ ಬಿಸಿಲಿನ ದಿನ ಹೋಗುವುದು ಲೇಸು. ನಡುವೆ ಕೂಡುವ ಚಿಹ್ನೆಯ ಆಕಾರದ ಮೆಟ್ಟಿಲುಕೊಳವಿದೆ, ಪಕ್ಕದಲ್ಲಿ ತಣ್ಣಗಿನ ನೆಲಮಾಳಿಗೆಗಳಿವೆ. ಅವನ್ನು ನೋಡಿ ಹಿಂದಿರುಗಬೇಡಿ. ಆಕಾಶದಿಂದ ತೆಗೆದ ಚಿತ್ರದಲ್ಲಿ ನಕ್ಷತ್ರ ಸುಂದರವಾಗಿ ಕಾಣುತ್ತದೆ, ಆದರೆ ಅದರ ಅರ್ಥ ಕಾಣುವುದಿಲ್ಲ. ಒಂದು ಮೂಲೆಯಲ್ಲಿ ನಿಂತು ಪಕ್ಕದ ಗೋಡೆಯ ಉದ್ದಕ್ಕೂ ಕಣ್ಣು ಹಾಯಿಸಿ. ಕಾವಲುಗಾರ ಎಲ್ಲಿ ನಿಲ್ಲಬೇಕಿತ್ತೆಂಬುದನ್ನು ಕಲ್ಲೇ ಹೇಳುತ್ತದೆ.