ಗುಂಡು ಕಚ್ಚಿದವರು ಯಾರು? – ಇಂಗ್ಲಿಷ್ ನುಡಿಗಟ್ಟುಗಳ ಹಿಂದಿನ ಕಥೆ



ಮುಂಬಯಿ ಇರಲಿ, ಚೆನ್ನೈ ಇರಲಿ, ದೆಹಲಿ ಇರಲಿ, ನಮ್ಮೆಲ್ಲರ ದಿನಚರಿ ಹೆಚ್ಚುಕಡಿಮೆ ಒಂದೇ. ಮನೆಯಲ್ಲಿ ಕನ್ನಡ, ಬಸ್ಸು ರೈಲಿನಲ್ಲಿ ಆಯಾ ಊರಿನ ಭಾಷೆ, ಕಚೇರಿಯ ಮೆಟ್ಟಿಲು ಹತ್ತಿದ ಮೇಲೆ ಇಂಗ್ಲಿಷು. ಮೀಟಿಂಗಿನಲ್ಲಿ ಮೇಲಧಿಕಾರಿಗಳು "ಬೈಟ್ ದ ಬುಲೆಟ್" ಎನ್ನುತ್ತಾರೆ, "ಡೆಡ್‌ಲೈನ್ ಮೀಟ್ ಮಾಡಿ" ಎನ್ನುತ್ತಾರೆ. ನಾವು ತಲೆಯಾಡಿಸುತ್ತೇವೆ. ಅರ್ಥ ಗೊತ್ತು: ಕಷ್ಟವನ್ನು ಹಲ್ಲು ಕಚ್ಚಿ ಎದುರಿಸಬೇಕು, ಗಡುವಿನೊಳಗೆ ಕೆಲಸ ಮುಗಿಸಬೇಕು. ಆದರೆ ಗುಂಡನ್ನೇ ಏಕೆ ಕಚ್ಚಬೇಕು? ಆ ಲೈನು ಎಲ್ಲಿತ್ತು? ಅಲ್ಲಿ ಸತ್ತವರು ಯಾರು?

ಈ ಪ್ರಶ್ನೆ ಕೇಳಿದೊಡನೆ ಕಥೆ ಹೇಳುವವರಿಗೇನೂ ಕೊರತೆಯಿಲ್ಲ. 1999ರಲ್ಲಿ ಒಂದು ಇಮೇಲ್ ಜಗತ್ತನ್ನೆಲ್ಲ ಸುತ್ತಿತು. ನಿಮ್ಮಲ್ಲಿ ಕೆಲವರಿಗಾದರೂ ಅದು ಬಂದಿರಬೇಕು. 1500ರ ದಶಕಗಳ ಇಂಗ್ಲೆಂಡಿನ ಬದುಕು ಹೇಗಿತ್ತು ಎಂಬ ನೆಪದಲ್ಲಿ ಅದು ಹಲವು ನುಡಿಗಟ್ಟುಗಳ ಮೂಲ ಹೇಳುತ್ತಿತ್ತು. ಹುಲ್ಲಿನ ಮಾಡಿನಲ್ಲಿ ಮಲಗಿದ್ದ ನಾಯಿ ಬೆಕ್ಕುಗಳು ಮಳೆಗೆ ಜಾರಿ ಬೀಳುತ್ತಿದ್ದವಂತೆ, ಅದಕ್ಕೇ "ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್". ಜೀವವಿದ್ದವರನ್ನು ತಪ್ಪಿ ಹೂತರೆ ಎಳೆದು ಸದ್ದು ಮಾಡಲೆಂದು ಶವಪೆಟ್ಟಿಗೆಗೆ ದಾರ ಕಟ್ಟಿ, ಮೇಲೆ ಗಂಟೆ ತೂಗುಬಿಡುತ್ತಿದ್ದರಂತೆ, ಅದಕ್ಕೇ "ಸೇವ್ಡ್ ಬೈ ದ ಬೆಲ್". ಆ ಗಂಟೆಗಾಗಿ ರಾತ್ರಿಯಿಡೀ ಕಾದು ಕೂರುವುದೇ "ಗ್ರೇವ್‌ಯಾರ್ಡ್ ಶಿಫ್ಟ್".

ಓದಲು ಬಲು ರುಚಿ. ಆದರೆ ಇತಿಹಾಸ ಇದನ್ನು ಒಪ್ಪುವುದಿಲ್ಲ. ಬೆಕ್ಕು ನಾಯಿಗಳ ಮಳೆ 17ನೇ ಶತಮಾನದ ನಡುವಿನ ಬರಹಗಳಲ್ಲಿ ಕಾಣಿಸಿಕೊಂಡಿತು, 1738ರಲ್ಲಿ ಜೊನಾಥನ್ ಸ್ವಿಫ್ಟ್‌ನ ಪುಸ್ತಕದಲ್ಲೂ ಬಂತು. ಅದು ಹೇಗೆ ಹುಟ್ಟಿತೆಂದು ಇಂದಿಗೂ ಖಚಿತವಾಗಿಲ್ಲ. "ಸೇವ್ಡ್ ಬೈ ದ ಬೆಲ್" ಬಂದದ್ದು ಸ್ಮಶಾನದಿಂದಲ್ಲ, ಬಾಕ್ಸಿಂಗ್ ಕಣದಿಂದ. 1867ರ ಕ್ವೀನ್ಸ್‌ಬರಿ ನಿಯಮಗಳ ಪ್ರಕಾರ ಮೂರು ನಿಮಿಷಕ್ಕೊಂದು ಸುತ್ತು, ನಡುವೆ ಒಂದು ನಿಮಿಷ ಬಿಡುವು. ಹೊಡೆತ ತಿಂದು ತತ್ತರಿಸುತ್ತಿದ್ದವನಿಗೆ ಸುತ್ತು ಮುಗಿದ ಗಂಟೆಯೇ ಜೀವದಾನ. ನಮ್ಮವರು ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರಲ್ಲ, ಹಾಗೆ! ಇನ್ನು ಗ್ರೇವ್‌ಯಾರ್ಡ್ ಶಿಫ್ಟ್ 19ನೇ ಶತಮಾನದ ಕೊನೆಯ ಅಮೆರಿಕದ ಮಾತು. ನಡುರಾತ್ರಿಯ ಪಾಳಿಯಲ್ಲಿ ಸ್ಮಶಾನದ ಮೌನ, ಅಷ್ಟೇ. ಕಾಲ್ ಸೆಂಟರಿನಲ್ಲಿ ರಾತ್ರಿ ದುಡಿಯುವ ನಮ್ಮ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ನಿಜ ಯಾವುದು, ಕಟ್ಟುಕಥೆ ಯಾವುದು ಎಂದು ತಿಳಿಯುವುದು ಹೇಗೆ? ದಾರಿ ಸರಳ. ಆ ಮಾತು ಮೊದಲು ಅಚ್ಚಾದದ್ದು ಯಾವಾಗ ಎಂದು ಹುಡುಕಬೇಕು. "ದ ಹೋಲ್ ನೈನ್ ಯಾರ್ಡ್ಸ್" ಅಂದರೆ ಪೂರ್ತಿಯಾಗಿ, ಏನನ್ನೂ ಬಿಡದೆ. ಎರಡನೇ ಮಹಾಯುದ್ಧದ ವಿಮಾನಗಳಲ್ಲಿ ಗುಂಡುಗಳ ಪಟ್ಟಿ ಒಂಬತ್ತು ಗಜ ಉದ್ದವಿತ್ತು, ಅದರಿಂದಲೇ ಈ ಮಾತು ಎಂದು ಬಹುಕಾಲ ನಂಬಿದ್ದರು. ಒಂಬತ್ತು ಗಜದ ಸೀರೆಯನ್ನು ಬಲ್ಲ ಮುಂಬಯಿ, ಪುಣೆಯ ನಮಗಂತೂ ಬೇರೆಯೇ ಆಸೆ ಹುಟ್ಟೀತು! ಆದರೆ 2012-13ರಲ್ಲಿ ಹಳೆಯ ಅಮೆರಿಕನ್ ಪತ್ರಿಕೆಗಳನ್ನು ಜಾಲಾಡಿದವರಿಗೆ 1907ರ ಇಂಡಿಯಾನದಲ್ಲಿ ಒಂಬತ್ತು ಗಜವೂ, 1912ರ ಕೆಂಟಕಿಯಲ್ಲಿ "ಹೋಲ್ ಸಿಕ್ಸ್ ಯಾರ್ಡ್ಸ್" ಎಂಬ ಆರು ಗಜವೂ ಸಿಕ್ಕಿದವು. ಮಹಾಯುದ್ಧಕ್ಕಿಂತ ಎಷ್ಟೋ ಹಿಂದಿನ ಮಾತು. ಆರೂ ಆದೀತು, ಒಂಬತ್ತೂ ಆದೀತು ಎಂದಾದರೆ ಅದು ಯಾವುದೋ ಒಂದು ವಸ್ತುವಿನ ಅಳತೆಯಾಗಿರುವುದು ಅನುಮಾನ.

ಕಥೆ ಸುಳ್ಳಾದರೆ ನಷ್ಟವೇನು ಎಂದು ನೀವು ಕೇಳಬಹುದು. ನಷ್ಟವಿದೆ. ಮತ್ತೆ ಆ ಗುಂಡಿನ ಮಾತಿಗೆ ಬರೋಣ.

ಅರಿವಳಿಕೆ ಇಲ್ಲದ ಕಾಲದಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರು ಗಾಯಾಳು ಸೈನಿಕನ ಬಾಯಿಗೆ ಗುಂಡು ಕೊಡುತ್ತಿದ್ದರು ಎಂಬುದು ಎಲ್ಲರೂ ಹೇಳುವ ಕಥೆ. 1857ರ ಸಿಪಾಯಿಗಳ ಕಾಡತೂಸಿಗೂ ಇದನ್ನು ಗಂಟು ಹಾಕುವವರಿದ್ದಾರೆ. ಆದರೆ ಅಲ್ಲಿ ಕಚ್ಚಬೇಕಿದ್ದದ್ದು ಕಾಡತೂಸಿನ ಕಾಗದವನ್ನು, ಗುಂಡನ್ನಲ್ಲ. ಅಚ್ಚಿನಲ್ಲಿ ಸಿಗುವ ಹಳೆಯ ಸುಳಿವು ಬೇರೆ. ಫ್ರಾನ್ಸಿಸ್ ಗ್ರೋಸ್ ಎಂಬಾತ ಇಂಗ್ಲೆಂಡಿನ ಬೀದಿಮಾತುಗಳ ಒಂದು ನಿಘಂಟು ಮಾಡಿದ್ದ. ಅದರ 1796ರ ಆವೃತ್ತಿಯಲ್ಲಿ "ನೈಟಿಂಗೇಲ್" ಎಂಬ ಪದವಿದೆ. ಹಾಡುವ ಹಕ್ಕಿಯಲ್ಲ, ಚಾವಟಿ ಏಟಿಗೆ ಕೂಗಿಕೊಳ್ಳುವ ಸೈನಿಕನಿಗೆ ಇಟ್ಟ ಅಡ್ಡಹೆಸರು! ಕೆಲವು ದಳಗಳಲ್ಲಿ ಹಾಗೆ ಕೂಗುವುದು ಅವಮಾನವಾಗಿತ್ತು. ಒಂಬತ್ತು ಬಾಲದ ಚಾವಟಿ ಬೆನ್ನಿನ ಮೇಲೆ ಬೀಳುವಾಗ ದನಿ ಹೊರಡದಂತೆ ಸೈನಿಕರು ಸೀಸದ ಗುಂಡನ್ನು ಅಗಿಯುತ್ತಿದ್ದರೆಂದು ಗ್ರೋಸ್ ವಿವರಿಸುತ್ತಾನೆ. ಮುಂದೆ, ಮುಂಬಯಿಯಲ್ಲಿ ಹುಟ್ಟಿದ ರಡ್ಯಾರ್ಡ್ ಕಿಪ್ಲಿಂಗ್ 1891ರ ತನ್ನ ಕಾದಂಬರಿಯಲ್ಲಿ "ಬೈಟ್ ಆನ್ ದ ಬುಲೆಟ್" ಎಂಬ ಮಾತನ್ನು ಧೈರ್ಯ ತಂದುಕೋ ಎಂಬ ಅರ್ಥದಲ್ಲಿ ಬಳಸಿದ. ಬ್ರಿಟಿಷ್ ಸೈನ್ಯದಲ್ಲಿ ಚಾವಟಿ ಶಿಕ್ಷೆ ರದ್ದಾದದ್ದು 1881ರಲ್ಲಿ.

ವ್ಯತ್ಯಾಸ ಗಮನಿಸಿದಿರಾ? ಜನಪ್ರಿಯ ಕಥೆಯಲ್ಲಿ ಸೈನಿಕನಿಗೆ ನೋವು ಕೊಟ್ಟದ್ದು ಶತ್ರು, ಕಾಪಾಡಲು ಹೊರಟದ್ದು ವೈದ್ಯ. ಹಳೆಯ ನಿಘಂಟಿನಲ್ಲಿ ಅವನನ್ನು ಹೊಡೆದದ್ದು ಅವನದೇ ಸೈನ್ಯ. ಅಂದವಾದ ಕಥೆ ಈ ಸೈನಿಕನನ್ನು ಮರೆಸಿಬಿಡುತ್ತದೆ.

ಡೆಡ್‌ಲೈನ್ ಕೂಡ ಹೀಗೆಯೇ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1864ರಲ್ಲಿ, ಜಾರ್ಜಿಯಾದ ಆಂಡರ್ಸನ್‌ವಿಲ್ ಎಂಬಲ್ಲಿ ದಕ್ಷಿಣದವರು ಯುದ್ಧಕೈದಿಗಳ ಶಿಬಿರ ತೆರೆದರು. ಮರದ ಎತ್ತರದ ಗೋಡೆಯಿಂದ ಸುಮಾರು 19 ಅಡಿ ಒಳಗೆ ಒಂದು ಗಿಡ್ಡ ಬೇಲಿ. ಅದನ್ನು ದಾಟಿದ ಕೈದಿಯನ್ನು ಕಾವಲುಗಾರ ಗುಂಡಿಟ್ಟು ಕೊಲ್ಲಬಹುದಿತ್ತು. ಅದರ ಹೆಸರೇ ಡೆಡ್ ಲೈನ್. ಹದಿನಾಲ್ಕು ತಿಂಗಳಲ್ಲಿ ಅಲ್ಲಿದ್ದ ಸುಮಾರು 45,000 ಕೈದಿಗಳಲ್ಲಿ 13,000ದಷ್ಟು ಮಂದಿ ಸತ್ತರು, ಹೆಚ್ಚಿನವರು ರೋಗ ಮತ್ತು ಹಸಿವಿನಿಂದ. ಶಿಬಿರದ ಅಧಿಕಾರಿ ಹೆನ್ರಿ ವಿರ್ಜ್‌ನನ್ನು 1865ರ ನವೆಂಬರ್ 10ರಂದು ಗಲ್ಲಿಗೇರಿಸಲಾಯಿತು. ಮುಂದೆ ಮುದ್ರಣಯಂತ್ರದಲ್ಲಿ ಅಚ್ಚು ಮೀರಬಾರದ ಗೆರೆಗೂ ಇದೇ ಹೆಸರು ಬಂತು. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಪತ್ರಿಕಾ ಕಚೇರಿಗಳು ಸುದ್ದಿ ಕೊಡಬೇಕಾದ ಕೊನೆಯ ಹೊತ್ತನ್ನು ಡೆಡ್‌ಲೈನ್ ಎಂದವು. ಅಲ್ಲಿಂದ ಅದು ನಮ್ಮ ನಿಮ್ಮ ಮೇಜಿಗೂ ಬಂತು.

ಕನ್ನಡದಲ್ಲಿ ನಾವು ಹಲ್ಲು ಕಚ್ಚಿ ಸಹಿಸಿಕೊಂಡೆ ಎನ್ನುತ್ತೇವೆ. ಆ ಹಲ್ಲಿನ ನಡುವೆ ಇಂಗ್ಲಿಷಿನವರು ಒಂದು ಸೀಸದ ಗುಂಡು ಇಟ್ಟರು, ಅಷ್ಟೇ ಅಂತರ. ನುಡಿಗಟ್ಟು ಎಂದರೆ ಪರೀಕ್ಷೆಗೆ ಉರುಹೊಡೆಯುವ ಪಟ್ಟಿಯಲ್ಲ, ಹೆಸರು ಉಳಿಯದ ಎಷ್ಟೋ ಜನರ ಬೆವರು, ನೋವು ಅದರಲ್ಲಿರುತ್ತದೆ. ಮನೆಯಲ್ಲಿ ಮಕ್ಕಳು ಇಂಥ ಮಾತಿನ ಮೂಲ ಕೇಳಿದರೆ ಇಮೇಲಿನ ಕಥೆಯನ್ನೇ ದಾಟಿಸಬೇಡಿ. ಜೊತೆಯಲ್ಲಿ ಕೂತು ನಿಘಂಟು ತೆರೆಯಿರಿ. ಹಾಗೆಯೇ ಅದಕ್ಕೆ ಒಪ್ಪುವ ಕನ್ನಡದ ಮಾತೊಂದನ್ನೂ ಕಲಿಸಿರಿ.

ನಾಳೆಯ ಮೀಟಿಂಗಿನಲ್ಲಿ ಯಾರಾದರೂ ಗುಂಡು ಕಚ್ಚಿ ಎಂದರೆ, ಸದ್ದಿಲ್ಲದೆ ಏಟು ತಿಂದ ಆ ಸೈನಿಕನನ್ನು ಒಮ್ಮೆ ನೆನೆಯೋಣ.