ಗಣಪ್ರೇಷಣದ ಇತಿಹಾಸ: ಒಂದು ವಿಮರ್ಶೆ

ಗಣಕಯಂತ್ರಗಳನ್ನು ಜೋಡಿಸುವ ಜಾಲಗಳಲ್ಲಿ ಸಂದೇಶವು ಸಾಗುವ ಬಗೆಗಳು ಮುಖ್ಯವಾಗಿ ಮೂರು. ಒಬ್ಬನಿಂದ ಒಬ್ಬನಿಗೆ ಹೋಗುವುದು ಮೊದಲನೆಯದು. ಒಬ್ಬನಿಂದ ಎಲ್ಲರಿಗೂ ಹೋಗುವುದು ಎರಡನೆಯದು. ಬೇಕೆಂದು ಕೇಳಿಕೊಂಡವರಿಗೆ ಮಾತ್ರ ಹೋಗುವುದು ಮೂರನೆಯದು. ಈ ಮೂರನೆಯದಕ್ಕೆ ಮಲ್ಟಿಕಾಸ್ಟ್ ಎಂದು ಹೆಸರು. ಇದನ್ನು ಗಣಪ್ರೇಷಣವೆಂದು ಕರೆಯಬಹುದು. ದೊಡ್ಡ ಸಂಸ್ಥೆಗಳ ಜಾಲಗಳಲ್ಲಿರುವ ಸ್ವಿಚ್ಚುಗಳ ಗುಣವಿವರಣೆಯಲ್ಲಿ ಓಎಸ್‌ಪಿಎಫ್, ಪಿಐಎಂ, ಐಜಿಎಂಪಿ ಎಂಬ ಹೆಸರುಗಳು ಜೊತೆಜೊತೆಯಾಗಿ ಕಂಡುಬರುವುವಷ್ಟೆ. ಇವು ಒಂದೆಡೆ ಕೂಡಿದ ಬಗೆ ಹೇಗೆ, ಗಣಪ್ರೇಷಣವು ಸೋತುಹೋದ ಪ್ರಯೋಗವೆಂಬ ಮಾತು ಎಷ್ಟರ ಮಟ್ಟಿಗೆ ಸಾಧುವಾದುದು ಎಂಬುದೇ ಪ್ರಕೃತ ವಿಚಾರ.

ಮೊದಲು ಪೂರ್ವಪಕ್ಷವನ್ನು ಹೇಳುವೆವು. ಸಾರ್ವಜನಿಕ ಅಂತರಜಾಲದಲ್ಲಿ ಚಲಚ್ಚಿತ್ರಗಳು ಪ್ರಾಯಶಃ ನೋಡುವವನೊಬ್ಬೊಬ್ಬನಿಗೂ ಬೇರೆ ಬೇರೆಯಾಗಿಯೇ ಹೋಗುತ್ತವೆ. ೨೦೨೦ರಲ್ಲಿ ಹೊರಟ ಆರ್‌ಎಫ್‌ಸಿ ೮೮೧೫ ಎಂಬ ಲೇಖವಂತೂ ಇದರ ಒಂದು ಮುಖ್ಯ ಪ್ರಭೇದವನ್ನು ಕೈಬಿಡಬೇಕೆಂದೇ ವಿಧಿಸುತ್ತದೆ. ಆದುದರಿಂದ ಈ ಪದ್ಧತಿಯು ನಿಷ್ಫಲವಾಯಿತೆಂದು ಹಲವರ ಅಭಿಪ್ರಾಯ.

ಇದನ್ನು ಪರೀಕ್ಷಿಸಲು ಮೀಮಾಂಸಾಶಾಸ್ತ್ರದ ಎರಡು ಪರಿಭಾಷೆಗಳು ಉಪಕರಿಸುತ್ತವೆ. ಒಮ್ಮೆ ಮಾಡಿದ ಕರ್ಮವು ಹಲವಕ್ಕೆ ಸಮನಾಗಿ ಉಪಕಾರಕವಾದರೆ ಅದು ತಂತ್ರ. ಹಲವರ ನಡುವೆ ಇಟ್ಟ ದೀಪವು ಇದಕ್ಕೆ ದೃಷ್ಟಾಂತ. ಒಂದರ ಸಲುವಾಗಿ ಮಾಡಿದ್ದು ಮತ್ತೊಂದಕ್ಕೂ ಉಪಕರಿಸಿದರೆ ಅದು ಪ್ರಸಂಗ. ಮನೆಗಾಗಿ ಹಚ್ಚಿದ ದೀಪವು ಬೀದಿಗೂ ಬೆಳಕಾದಂತೆ. ಜೈಮಿನಿ ಸೂತ್ರಗಳ ೧೧ ಮತ್ತು ೧೨ನೆಯ ಅಧ್ಯಾಯಗಳಲ್ಲಿ ಇವೆರಡರ ವಿಚಾರವಿದೆ. ಗಣಪ್ರೇಷಣದಲ್ಲಿ ಸಂದೇಶವನ್ನು ಕಳುಹಿಸುವವನು ಒಮ್ಮೆ ಮಾತ್ರ ಕಳುಹಿಸುತ್ತಾನೆ. ದಾರಿ ಕವಲೊಡೆಯುವೆಡೆಯಲ್ಲಿ ಮಾತ್ರ ಅದರ ಪ್ರತಿಗಳಾಗುತ್ತವೆ. ಇದು ತಂತ್ರವೇ ಸರಿ.

ಇನ್ನು ಇತಿಹಾಸ. ೧೯೭೮ರಲ್ಲಿ ಯೋಗೇನ್ ದಲಾಲ್ ಮತ್ತು ರಾಬರ್ಟ್ ಮೆಟ್‌ಕಾಫ್ ಎಂಬವರು ಒಂದು ಉಪಾಯವನ್ನು ಪ್ರಕಟಿಸಿದರು. ಮೂಲಸ್ಥಾನಕ್ಕೆ ಹಿಂದಿರುಗಬೇಕಾದರೆ ಯಾವ ದಾರಿ ಹಿಡಿಯಬೇಕೋ ಆ ದಾರಿಯಿಂದಲೇ ಬಂದ ಸಂದೇಶವನ್ನು ಮುಂದಕ್ಕೆ ಹರಡುವುದು, ಅನ್ಯಥಾ ಬಂದುದನ್ನು ಬಿಟ್ಟುಬಿಡುವುದು ಎಂಬುದೇ ಆ ಉಪಾಯ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸ್ಟೀಫನ್ ಡೀರಿಂಗ್ ಮತ್ತು ಡೇವಿಡ್ ಚೆರಿಟನ್ ೧೯೮೫ರಲ್ಲಿ ಗಣದ ಕಲ್ಪನೆಯನ್ನು ಆರ್‌ಎಫ್‌ಸಿ ೯೬೬ರಲ್ಲಿ ಮಂಡಿಸಿದರು. ೧೯೮೯ರ ಆರ್‌ಎಫ್‌ಸಿ ೧೧೧೨ ಅದಕ್ಕೆ ಸ್ಥಿರರೂಪವನ್ನು ಕೊಟ್ಟಿತು. ೨೨೪ರಿಂದ ೨೩೯ರವರೆಗಿನ ಅಂಕಿಗಳಿಂದ ಮೊದಲಾಗುವ ವಿಳಾಸಗಳು ಗಣಗಳಿಗೆ ಮೀಸಲಾದುವು. ೧೯೯೨ರ ಮಾರ್ಚಿಯಲ್ಲಿ ಸಾನ್ ಡಿಯೇಗೋ ನಗರದಲ್ಲಿ ನೆರೆದ ಐಇಟಿಎಫ್ ಸಭೆಯ ಧ್ವನಿಯನ್ನು ದೂರದ ಊರುಗಳವರು ಈ ಮಾರ್ಗದಿಂದಲೇ ಕೇಳಿದರು.

ಗಣವಿಳಾಸವನ್ನು ಈಥರ್ನೆಟ್ಟಿನ ವಿಳಾಸಕ್ಕೆ ಇಳಿಸುವಲ್ಲಿ ಒಂದು ವಿಚಿತ್ರವುಂಟು. ಗಣವನ್ನು ಗುರುತಿಸುವ ಬಿಟ್ಟುಗಳು ೨೮. ಈಥರ್ನೆಟ್ಟಿನಲ್ಲಿ ಅದಕ್ಕೆ ದೊರೆತುದು ೨೩ ಮಾತ್ರ. ಐದು ಬಿಟ್ಟುಗಳು ಲುಪ್ತವಾದುದರಿಂದ ೩೨ ಗಣಗಳಿಗೆ ಒಂದೇ ಹೆಸರಾಯಿತು. ೨೨೪.೧.೧.೧, ೨೨೫.೧.೧.೧ ಎಂಬ ಭಿನ್ನ ಗಣಗಳು ಸ್ವಿಚ್ಚಿನ ಕೆಳಸ್ತರದಲ್ಲಿ ಅಭಿನ್ನವಾಗಿ ತೋರುತ್ತವೆ. ಕಾವ್ಯದಲ್ಲಿ ಶ್ಲೇಷವು ಅಲಂಕಾರ. ಇಲ್ಲಿ ಅದು ದೋಷ.

ಮಾರ್ಗನಿರ್ಣಯದ ವಿಷಯಕ್ಕೆ ಬರೋಣ. ೧೯೮೮ರ ಡಿವಿಎಂಆರ್‌ಪಿ ಎಂಬ ಪದ್ಧತಿಯು ತನ್ನ ಮಾರ್ಗಪಟ್ಟಿಯನ್ನು ತಾನೇ ಕಟ್ಟಿಕೊಳ್ಳುತ್ತಿತ್ತು. ತರುವಾಯ ಬಂದ ಪಿಐಎಂ ಹಾಗೆ ಮಾಡದು. ಒಬ್ಬನಿಂದ ಒಬ್ಬನಿಗೆ ಹೋಗುವ ಸಂದೇಶಗಳಿಗಾಗಿ ಓಎಸ್‌ಪಿಎಫ್ ಮೊದಲಾದುವು ಸಿದ್ಧಪಡಿಸಿದ ಪಟ್ಟಿಯನ್ನೇ ಅದು ಉಪಯೋಗಿಸಿಕೊಳ್ಳುತ್ತದೆ. ಇದು ಪ್ರಸಂಗ. ಇದಕ್ಕೆ ಪ್ರತಿಯಾಗಿ, ಓಎಸ್‌ಪಿಎಫ್ ತಾನು ನೆರೆಹೊರೆಯ ರೌಟರುಗಳೊಡನೆ ಮಾತನಾಡಲು ೨೨೪.೦.೦.೫ ಎಂಬ ಗಣವಿಳಾಸವನ್ನು ಆಶ್ರಯಿಸಿದೆ. ಹೀಗೆ ಇವೆರಡೂ ಪರಸ್ಪರೋಪಕಾರಿಗಳು. ಒಂದೇ ಸ್ವಿಚ್ಚಿನಲ್ಲಿ ಇವು ಜೊತೆಗೂಡಿರುವುದು ಆಕಸ್ಮಿಕವಲ್ಲ.

ಎಲ್ಲಕ್ಕಿಂತ ವಿಚಾರಾರ್ಹವಾದುದು ಐಜಿಎಂಪಿ ಸ್ನೂಪಿಂಗ್, ಎಂದರೆ ಇಣುಕಿನೋಟ. ಗಣವನ್ನು ಸೇರಬಯಸುವ ಯಂತ್ರವು ತನ್ನ ಬಿನ್ನಹವನ್ನು ಸಲ್ಲಿಸುವುದು ರೌಟರಿನ ತಿಳಿವಿಗಾಗಿ, ಸ್ವಿಚ್ಚಿಗಾಗಿ ಅಲ್ಲ. ಆದರೂ ಸ್ವಿಚ್ಚು ನಡುವೆ ಅದನ್ನು ಓದಿಕೊಂಡು, ಯಾವ ದ್ವಾರದಲ್ಲಿ ಅಪೇಕ್ಷೆಯಿದೆಯೋ ಅಲ್ಲಿಗೆ ಮಾತ್ರ ಸಂದೇಶವನ್ನು ಬಿಡುತ್ತದೆ. ಹೀಗೆ ಓದದಿದ್ದರೆ ಅದು ಎಲ್ಲ ದ್ವಾರಗಳಿಗೂ ಸುರಿಯಬೇಕಾಗುವುದು. ಆದರೆ ಮೊದಲೆರಡು ಆವೃತ್ತಿಗಳಲ್ಲಿ ಒಂದು ಸೂಕ್ಷ್ಮವಿದ್ದಿತು. ನೆರೆಯ ಯಂತ್ರವು ಅದೇ ಗಣಕ್ಕೆ ಬಿನ್ನಹ ಮಾಡಿದುದನ್ನು ಕೇಳಿದ ಯಂತ್ರವು ತಾನು ಸುಮ್ಮನಿರುತ್ತಿತ್ತು. ರೌಟರಿಗೆ ಒಬ್ಬನಿರುವನೆಂದು ತಿಳಿದರೆ ಸಾಕಾಗಿತ್ತು. ಸ್ವಿಚ್ಚಿಗಾದರೋ ಪ್ರತಿದ್ವಾರದ ಅಪೇಕ್ಷೆಯೂ ತಿಳಿಯಬೇಕು. ಸುಮ್ಮನಿದ್ದವನಿಗೆ ಸಂದೇಶವೇ ತಪ್ಪಿಹೋಗುವ ಸಂಭವವುಂಟಾಯಿತು. ಆದುದರಿಂದ ಬಿನ್ನಹಗಳನ್ನು ರೌಟರಿರುವ ದ್ವಾರಗಳಿಗೆ ಮಾತ್ರ ಮುಟ್ಟಿಸಬೇಕು, ಇತರ ಯಂತ್ರಗಳಿಗೆ ಕೇಳಿಸಬಾರದು ಎಂದು ೨೦೦೬ರ ಆರ್‌ಎಫ್‌ಸಿ ೪೫೪೧ ಸೂಚಿಸಿತು. ಅದಕ್ಕೆ ಮೊದಲೇ, ೨೦೦೨ರ ಮೂರನೆಯ ಆವೃತ್ತಿಯು ಈ ಮೌನಪದ್ಧತಿಯನ್ನೇ ತೆಗೆದುಹಾಕಿದ್ದಿತು. ವಿನಯದ ಮೌನವೂ ಸನ್ನಿವೇಶ ಬದಲಾದಾಗ ಹಾನಿಕರವಾಗಬಹುದೆಂಬುದಕ್ಕೆ ಇದು ನಿದರ್ಶನ.

ಈಗ ಪೂರ್ವಪಕ್ಷದ ಸಮಾಧಾನ. ಆರ್‌ಎಫ್‌ಸಿ ೮೮೧೫ನ್ನು ಪೂರ್ಣವಾಗಿ ಓದಿದವರಿಗೆ ಎರಡು ವಿಶೇಷಣಗಳು ಗೋಚರಿಸುವುವು. ಅದು ನಿರಾಕರಿಸುವುದು ಯಾವನು ಬೇಕಾದರೂ ಕಳುಹಿಸಬಹುದಾದ ಪ್ರಭೇದವನ್ನು. ಅದೂ ಭಿನ್ನ ಆಡಳಿತಗಳಿಗೆ ಸೇರಿದ ಜಾಲಗಳ ನಡುವೆ ಮಾತ್ರ. ಕಳುಹಿಸುವವನನ್ನು ಹೆಸರಿಸಿ ಸೇರುವ ಪ್ರಭೇದವನ್ನು ಅದು ಆದರಿಸುತ್ತದೆ. ಒಂದೇ ಆಡಳಿತದೊಳಗಿನ ಬಳಕೆಯನ್ನು ನಿಷೇಧಿಸುವುದಿಲ್ಲ. ವಿಶೇಷಣಗಳನ್ನು ಬಿಟ್ಟು ವಿಶೇಷ್ಯವನ್ನು ಮಾತ್ರ ಹಿಡಿದುದರಿಂದಲೇ ಸೋಲೆಂಬ ಭ್ರಾಂತಿ ಹುಟ್ಟಿತು. ಪರಕೀಯ ಗಣಗಳ ಲೆಕ್ಕವನ್ನು ತನ್ನ ರೌಟರಿನಲ್ಲಿ ಇಟ್ಟುಕೊಳ್ಳುವ ಭಾರವನ್ನು ಹೊರುವವರು ಯಾರು, ಅಪರಿಚಿತನು ಸುರಿದುದನ್ನು ತಡೆಯುವವರು ಯಾರು ಎಂಬ ಪ್ರಶ್ನೆಗಳಿಗೆ ಆಡಳಿತಗಳ ನಡುವೆ ಸುಲಭದ ಉತ್ತರವಿರಲಿಲ್ಲ. ಒಂದೇ ಯಜಮಾನನಿರುವಲ್ಲಿ ಭಾರವೂ ಫಲವೂ ಅವನವೇ. ಆದುದರಿಂದಲೇ ಷೇರುಪೇಟೆಗಳ ಬೆಲೆವಾರ್ತೆ, ಸಂಸ್ಥೆಯೊಳಗಣ ದೂರದರ್ಶನ ಮುಂತಾದೆಡೆಗಳಲ್ಲಿ ಈ ಪದ್ಧತಿಯು ಬಾಳಿದೆ.

ಇಷ್ಟರಿಂದ ಸಿದ್ಧವಾಗುವುದೇನೆಂದರೆ, ಗಣಪ್ರೇಷಣವು ಸೋತುದಲ್ಲ. ತನ್ನ ಅಧಿಕಾರಕ್ಷೇತ್ರವನ್ನು ಕಂಡುಕೊಂಡಿತು. ದೀಪವು ಹಲವರಿಗೆ ಬೆಳಕಾಗುವುದು ನಿಜ. ಎಣ್ಣೆ ಹಾಕುವವನು ಯಾರೆಂಬುದು ನಿಶ್ಚಿತವಾಗಿರುವೆಡೆಯಲ್ಲಿ ಮಾತ್ರ ಅದು ಆರದೆ ನಿಲ್ಲುತ್ತದೆ.